ಒಂದು ತೀರ್ಪಿನ ಕ್ರಿಯಾಪದಗಳು

ನ್ಯಾಯಾಲಯದ ತೀರ್ಪನ್ನು ಸಾಹಿತ್ಯಪುಟದಲ್ಲಿ ವಿಮರ್ಶಿಸುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಗದ್ಯವೆಂಬುದು ಎಲ್ಲಿದ್ದರೂ ಗದ್ಯವೇ. ಅದರ ಹಿಡಿತ ಸಡಿಲವಾದರೆ ಕಷ್ಟ ಯಾರಿಗೆಂದು ಕೇಳುವ ಹಕ್ಕು ವಾಚಕನಿಗುಂಟು.

1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿ ರಾಮಮೂರ್ತಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಿಗೆ ಒಂದು ಕಾಗದ ಬರೆದ. ಅದರ ಸಾರ ಸರಳ: ಮೈಮುರಿದು ದುಡಿದರೂ ತಕ್ಕ ಕೂಲಿಯಿಲ್ಲ, ಊಟ ಸರಿಯಿಲ್ಲ, ಇರುವ ಪರಿಸರ ಚೆನ್ನಾಗಿಲ್ಲ. ನ್ಯಾಯಾಲಯ ಆ ಕಾಗದವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳುಹಿಸಿ ವರದಿ ತರಿಸಿತು. ಇದು ಅದರ ದೊಡ್ಡತನ. ತೀರ್ಪು ಬಂದದ್ದು ಮಾತ್ರ 1996ರ ಡಿಸೆಂಬರ್ 23ರಂದು.

ತೀರ್ಪಿನ ಮೊದಲ ಭಾಗ ಉತ್ತಮ ಗದ್ಯ. ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಅರೆಹೊಟ್ಟೆ ಹೀಗೆ ಒಂಬತ್ತು ಸಮಸ್ಯೆಗಳನ್ನು ಅದು ಬಿಡಿಸಿ ಇಡುತ್ತದೆ. ನಿದಾನ ಸರಿಯಾಗಿದೆ. ಆದರೆ ಕೈದಿ ಮೊದಲು ಕೇಳಿದ ಕೂಲಿಗೆ ಆ ಒಂಬತ್ತರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆ ಪ್ರಶ್ನೆ ಇತ್ಯರ್ಥವಾದದ್ದು 1998ರಲ್ಲಿ, ಗುಜರಾತಿನ ಮೊಕದ್ದಮೆಯೊಂದರಲ್ಲಿ.

ನನ್ನ ಮುಖ್ಯ ಆಕ್ಷೇಪಣೆ ಕೊನೆಯ ನಿರ್ದೇಶನಗಳ ಕ್ರಿಯಾಪದಗಳನ್ನು ಕುರಿತದ್ದು. ಮೂಲ ಇಂಗ್ಲಿಷಿನದು, ಅರ್ಥವನ್ನಷ್ಟೇ ಹೇಳುತ್ತೇನೆ. ಹೊಸ ಕಾಯಿದೆಯ ವಿಷಯ ಸಮಾಲೋಚಿಸಿ. ಹೊಸ ಕೈಪಿಡಿಯನ್ನು ಪರಿಶೀಲಿಸಿ. ವೈದ್ಯಸೌಕರ್ಯದ ಬಗೆಗೆ ಚಿಂತನೆ ನಡೆಸಿ. ದೂರಿನ ಪೆಟ್ಟಿಗೆಯ ಅಗತ್ಯದ ಮೇಲೆ ಮನನ ಮಾಡಿ. ಜಿಲ್ಲಾಕೇಂದ್ರಗಳಲ್ಲಾದರೂ ಬಯಲು ಬಂದೀಖಾನೆ ಬೇಕೇ ಎಂಬುದನ್ನು ಮೆಲುಕು ಹಾಕಿ! ಪದಗಳು ಬದಲಾಗುತ್ತವೆ, ಕೆಲಸ ಒಂದೇ: ಯೋಚನೆ. ಪೆಟ್ಟಿಗೆಯೊಂದಕ್ಕೆ ಬೇಕಾದದ್ದು ಮನನವಲ್ಲ, ಒಬ್ಬ ಬಡಗಿ ಮತ್ತು ಒಂದು ಬೀಗ.

ಆಡಳಿತ ನಡೆಸುವುದು ಸರ್ಕಾರದ ಹೊಣೆ, ನ್ಯಾಯಾಲಯದ್ದಲ್ಲ ಎನ್ನಬಹುದು. ಒಪ್ಪಿದೆ. ಆದರೆ ನಮ್ಮ ಕಚೇರಿಗಳು ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಮಾತಿನ ನೆರಳಿನಲ್ಲಿ ವರ್ಷಗಟ್ಟಲೆ ಮಲಗಬಲ್ಲವು. ಅಂಥವರ ಕೈಗೆ ಇಂಥ ಮೃದು ಪದಗಳನ್ನು ಕೊಟ್ಟರೆ ದಿಂಬನ್ನೂ ಕೊಟ್ಟಂತೆ. 1894ರ ಕಾಯಿದೆಗೆ ಬದಲಾಗಿ ಕೇಂದ್ರದ ಮಾದರಿ ಕಾಯಿದೆ ಸಿದ್ಧವಾದದ್ದು 2023ರಲ್ಲಿ. ಸಮಾಲೋಚನೆಗೆ 27 ವರ್ಷ ಹಿಡಿಯಿತು. ಈ ನಡುವೆ ಬೆಂಗಳೂರಿನ ಜೈಲು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾಯಿತು. ಅಲ್ಲಿ ಹಣವಂತರಿಗೆ ವಿಶೇಷ ಸೌಕರ್ಯ ದೊರೆಯುತ್ತಿದೆಯೆಂದು 2017ರಲ್ಲಿ ಡಿ. ರೂಪಾ ಅವರು ವರದಿ ಬರೆದರು. ಕೆಲವೇ ದಿನಗಳಲ್ಲಿ ಅವರಿಗೆ ವರ್ಗವಾಯಿತು. ಆ ಒಂದು ವಿಷಯದಲ್ಲಿ ಆಡಳಿತಕ್ಕೆ ಮೆಲುಕು ಹಾಕುವ ಅಗತ್ಯ ಬೀಳಲಿಲ್ಲ.

ಈ ಲೇಖನ ಬರೆಯುತ್ತಿರುವುದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಕುಳಿತು. ಇಲ್ಲಿನ ತಾಯಿಯೊಬ್ಬಳು ಬೆಂಗಳೂರಿನ ಜೈಲಿನಲ್ಲಿರುವ ಮಗನ ಮುಖ ನೋಡಬೇಕಾದರೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಹೊಂದಿಸಿಕೊಂಡು ಹೋಗಬೇಕು. ಆ ತೀರ್ಪಿಗೆ ಇಂಥವಳೂ ಓದುಗಳೇ. ಅವಳಿಗೆ ತಿಳಿಯುವ ಕ್ರಿಯಾಪದ ಒಂದೇ: ಮಾಡಿ.