‘ಥೆಒತೊಕೊಸ್’ ಶಬ್ದದ ಅಕ್ಷರ ಮತ್ತು ಸ್ವರ ವಿಚಾರ

ಪದದ ಅರ್ಥವು ಅಕ್ಷರಗಳಿಂದ ಮಾತ್ರವಲ್ಲದೆ ಸ್ವರದಿಂದಲೂ ನಿರ್ಣಯವಾಗುವುದೆಂಬುದಕ್ಕೆ ನಮ್ಮ ವೈಯಾಕರಣರು ‘ಇಂದ್ರಶತ್ರು’ ಶಬ್ದವನ್ನು ಉದಾಹರಿಸುವರು. ಅಂತೋದಾತ್ತವಾದರೆ ಅದು ತತ್ಪುರುಷ, ಇಂದ್ರನನ್ನು ಕೊಲ್ಲುವವನು; ಆದ್ಯುದಾತ್ತವಾದರೆ ಬಹುವ್ರೀಹಿ, ಇಂದ್ರನೇ ಯಾವನನ್ನು ಕೊಲ್ಲುವನೋ ಅವನು. ಸ್ವರವು ತಪ್ಪಿದುದರಿಂದಲೇ ವೃತ್ರನು ಹತನಾದನು. ಇದಕ್ಕೆ ಸದೃಶವಾದ ಶಬ್ದವೊಂದು ಗ್ರೀಕ್ ಕ್ರೈಸ್ತಶಾಸ್ತ್ರದಲ್ಲಿಯೂ ಉಂಟು.

ಮರಿಯಳಿಗೆ ‘ಥೆಒತೊಕೊಸ್’ ಎಂಬ ಬಿರುದು ಸಲ್ಲದು, ‘ಕ್ರಿಸ್ತೊತೊಕೊಸ್’ ಎಂದರೆ ಯುಕ್ತವೆಂಬುದು ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ನೆಸ್ಟೋರಿಯಸನ ಪಕ್ಷ. ಅಲೆಕ್ಸಾಂಡ್ರಿಯದ ಸಿರಿಲನು ಇದನ್ನು ಖಂಡಿಸಿದನು. ಕ್ರಿ. ಶ. 431ರಲ್ಲಿ ಎಫೆಸಸಿನಲ್ಲಿ ನೆರೆದ ಮಹಾಸಭೆಯು ನೆಸ್ಟೋರಿಯಸನನ್ನು ಪದಚ್ಯುತನನ್ನಾಗಿ ಮಾಡಿತು.

‘ಥೆಒಸ್’ ಎಂದರೆ ದೇವನು. ‘ತೊಕೊಸ್’ ಎಂಬುದು ಹೆರುವಿಕೆಯನ್ನು ಹೇಳುವ ಧಾತುವಿನಿಂದ ಬಂದುದು. ಉದಾತ್ತವು ಮೂರನೆಯ ಅಕ್ಷರವಾದ ‘ತೊ’ ಎಂಬಲ್ಲಿದ್ದರೆ ‘ದೇವನನ್ನು ಹೆತ್ತವಳು’ ಎಂಬ ಕರ್ತ್ರರ್ಥ; ಅದೇ ಎರಡನೆಯ ‘ಒ’ಕಾರಕ್ಕೆ ಸರಿದರೆ ‘ದೇವನಿಂದ ಹುಟ್ಟಿದ’ ಎಂಬ ಕರ್ಮಾರ್ಥ. ‘ಮೇತ್ರೊಕ್ತೊನೊಸ್’ ಶಬ್ದವೂ ಹೀಗೆಯೇ ಸ್ವರಭೇದದಿಂದ ತಾಯಿಯನ್ನು ಕೊಂದವನನ್ನೂ ತಾಯಿಯಿಂದ ಹತನಾದವನನ್ನೂ ಹೇಳುವುದು. ಪ್ರಾಚೀನ ಗ್ರೀಕಿನ ಈ ಸ್ವರವು ಕಾಲಕ್ರಮದಲ್ಲಿ ಬಲಾಘಾತವಾಗಿ ಮಾರ್ಪಟ್ಟರೂ ಅದರ ಸ್ಥಾನವು ಬದಲಾಗಲಿಲ್ಲ.

ಇನ್ನು ಕನ್ನಡದ ಬರಹವನ್ನು ಪರೀಕ್ಷಿಸೋಣ. ಇಂಗ್ಲಿಷಿನ ಮೂಲಕ ಬಂದ ‘ಥಿಯೋಟೋಕೋಸ್’ ಎಂಬ ರೂಪದಲ್ಲಿ ಮೂರು ದೋಷಗಳಿವೆ. ಎಕಾರವು ಇಕಾರವಾಗಿದೆ, ದಂತ್ಯ ತಕಾರವು ಮೂರ್ಧನ್ಯವಾಗಿದೆ, ಹ್ರಸ್ವವಾದ ಮೂರು ಒಕಾರಗಳೂ ದೀರ್ಘಗಳಾಗಿವೆ. ಸಂಸ್ಕೃತದಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ಆದರೆ ಕನ್ನಡಕ್ಕೂ ಗ್ರೀಕಿಗೂ ಅವು ಸ್ವಂತವಾದವು. ಇರುವ ಸಂಪತ್ತನ್ನು ಬಿಟ್ಟು ಎರವಿನ ದೀರ್ಘಕ್ಕೆ ಕೈಯೊಡ್ಡುವುದೇಕೆ? ಪದದಲ್ಲಿ ನಾಲ್ಕೇ ಅಕ್ಷರಗಳು: ಮೊದಲ ಮೂರು ಲಘು, ವ್ಯಂಜನಾಂತವಾದ ಕೊನೆಯದು ಗುರು. ನಮ್ಮ ನಾಲಗೆಗೆ ಸಹಜವಾದ ಯಕಾರಾಗಮದಿಂದ ಅಕ್ಷರಸಂಖ್ಯೆಯು ಹೆಚ್ಚದಾದ ಕಾರಣ ‘ಥೆಯೊತೊಕೊಸ್’ ಎಂಬುದು ಗ್ರಾಹ್ಯವೇ.

‘ದೇವಮಾತೆ’ ಎಂಬ ಅನುವಾದವು ಸುಲಭವಾದರೂ ಸಾಲದು. ಆ ಅರ್ಥಕ್ಕೆ ಗ್ರೀಕಿನಲ್ಲಿ ‘ಮೇತೇರ್ ಥೆಊ’ ಎಂಬ ಬೇರೆ ಮಾತೇ ಇದೆ. ವಿವಾದವಿದ್ದುದು ಮಾತೃತ್ವದ ಗೌರವವನ್ನು ಕುರಿತಲ್ಲ. ಹುಟ್ಟಿದವನನ್ನು ದೇವನೆಂದು ಹೇಳಬಹುದೇ ಎಂಬುದನ್ನು ಕುರಿತು. ಆದುದರಿಂದ ಹೆರಿಗೆಯ ಅರ್ಥವು ಅನುವಾದದಲ್ಲಿ ಉಳಿಯಲೇಬೇಕು. ‘ವೀರಸೂ’ ಶಬ್ದದ ಮಾರ್ಗದಲ್ಲಿ ‘ದೇವಪ್ರಸೂ’ ಎನ್ನುವುದು ಮೂಲಕ್ಕೆ ಸಮೀಪವೆಂದು ನನ್ನ ಅಭಿಪ್ರಾಯ.

ನಮ್ಮ ಲಿಪಿಯು ಉದಾತ್ತವನ್ನು ತೋರಿಸದು. ಆದಕಾರಣ ಪಾಠ ಹೇಳುವವರು ಈ ಪದವು ಮೊದಲು ಬಂದ ಕಡೆಯಲ್ಲಿಯೇ ‘ತೊ’ ಎಂಬ ಅಕ್ಷರವನ್ನು ಎತ್ತಿ ಉಚ್ಚರಿಸಿ ತೋರಿಸಬೇಕು. ಹಾಗೆ ಮಾಡದಿದ್ದರೆ ತಾಯಿಗೆ ಸಲ್ಲಬೇಕಾದ ಹೆಸರು ಮಗುವಿಗೆ ಸಂದೀತು.