ಸಂಕಲನದೊಳಗಿನ ಶರೀಫ ಸಾಹೇಬರು

ವಡಾಲದ ಕನ್ನಡ ಮನೆಗಳಿಗೆ ಶಿಶುನಾಳ ಶರೀಫ ಸಾಹೇಬರ (1819–1889) ಪದಗಳು ಪರಿಚಿತವಾದುದು ಬಹುಮಟ್ಟಿಗೆ ಸಿ. ಅಶ್ವತ್ಥರ ಕಂಠದಿಂದ. 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರವೂ ಬಂದಿತು. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಅದಕ್ಕೆ ಪ್ರಶಸ್ತಿ ದೊರೆಯಿತು. ಊರು ಬಿಟ್ಟು ಬಂದವರಿಗೆ ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಾಡಿಗೆ ಮಾರುಹೋದ ಸಹೃದಯನು, ಸಾಹೇಬರ ಜೀವಮಾನದ ರಚನೆಗಳನ್ನು ಒಂದೆಡೆ ಕೂಡಿಸಿದ ತತ್ತ್ವಪದಗಳ ಸಂಗ್ರಹವನ್ನು ಕೈಗೆತ್ತಿಕೊಂಡೊಡನೆ ತೊಡಕೊಂದು ಎದುರಾಗುತ್ತದೆ. ಗುರುಸ್ತುತಿ, ದೇವತಾಸ್ತುತಿ, ನೀತಿ, ವೈರಾಗ್ಯ, ಬೆಡಗು ಎಂದು ಪದಗಳನ್ನು ವಿಂಗಡಿಸಿಡುವುದು ಇಂತಹ ಸಂಗ್ರಹಗಳ ರೂಢಿ. ಈ ವಿಂಗಡಣೆಯ ಹಿಂದೆ ಕಾಣುವವನು ಶಾಂತಚಿತ್ತನಾದ ಸಂತ. ಪದಗಳನ್ನೇ ಓದಿದರೆ ಕೇಳಿಬರುವುದು ಜಗಳಕ್ಕೆ ನಿಂತವನ ದನಿ.

ಬಾರಿಸಲು ಬಾರದವನ ಕೈಯಿಂದ ತಂಬೂರಿಯನ್ನು ಕಸಿದುಕೊಳ್ಳುವಂತಿರುವ ಪದವನ್ನೇ ನೋಡಬಹುದು. ಅದನ್ನು ನೀತಿಬೋಧೆಯೆಂದರೆ ಅರ್ಧ ಮಾತು ಮಾತ್ರ ಹೇಳಿದಂತಾಯಿತು. ಅಲ್ಲಿರುವುದು ಬೈಗುಳ, ಎದುರಿಗೆ ಯಾರೋ ಒಬ್ಬ ಕುಳಿತಿದ್ದಾನೆ, ಅವನ ಮುಖ ಕೆಂಪೇರಿದೆ. ಸಂತೆಯೊಳಗೆ ಎಡವಲಿರುವ ಮುದುಕಿಗೆ ಎಚ್ಚರಿಕೆ ಹೇಳುವ ಪದದಲ್ಲಿಯೂ ಅನುಕಂಪಕ್ಕಿಂತ ಚುಚ್ಚುಮಾತು ಹೆಚ್ಚು. ಗುರುಶಿಷ್ಯರ ಸಂಬಂಧವಾದರೂ ಸೌಮ್ಯವಾದುದಲ್ಲ. ಕಳಸದ ಗೋವಿಂದಭಟ್ಟರು ಸ್ವಜಾತಿಯ ಕೋಪವನ್ನು ಲೆಕ್ಕಿಸದೆ ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರೆಂಬ ಪ್ರತೀತಿ ಇದೆ. ಶಿಷ್ಯನು ಅದನ್ನು ಪದವಾಗಿಯೂ ಹಾಡಿದ್ದಾನೆ. ಇದು ಇಬ್ಬರೂ ಕೂಡಿ ಕಟ್ಟಳೆ ಮುರಿದ ಪ್ರಸಂಗ. ಸಂಗ್ರಹದಲ್ಲಿ ಅದು ಗುರುಸ್ತುತಿಯ ನಡುವೆ ಸದ್ದಿಲ್ಲದೆ ಸೇರಿಹೋಗುತ್ತದೆ.

ಸಂಪಾದಕರ ಕಷ್ಟ ಸಣ್ಣದಲ್ಲ. ಸಾಹೇಬರು ಹಾಡುತ್ತ ಹೋದವರು; ಕೇಳಿದವರು ಬಾಯಿಂದ ಬಾಯಿಗೆ ಉಳಿಸಿಕೊಂಡರು. ಪದಗಳಿಗೆ ಕಾಲನಿರ್ದೇಶವಿಲ್ಲ, ಶಿಶುನಾಳಧೀಶನ ಅಂಕಿತವೊಂದೇ ಗುರುತು. ಆದುದರಿಂದ ಯೌವನದ ಪದ ಯಾವುದು, ಮುಪ್ಪಿನದು ಯಾವುದು ಎಂದು ಬೇರ್ಪಡಿಸಿ ಕವಿಯ ಬೆಳವಣಿಗೆಯನ್ನು ತೋರಿಸುವುದು ಅಸಾಧ್ಯ. ವಿಷಯಾನುಸಾರಿಯಾದ ವಿಂಗಡಣೆ ಹೀಗೆ ಅನಿವಾರ್ಯವೆನಿಸಿರಬಹುದು. ಆದರೆ ಸಂದರ್ಭವನ್ನು ಕಳಚಿಡುವುದು ಅನಿವಾರ್ಯವಲ್ಲ.

ಪರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ನ್ಯಾಶ್‌ವಿಲ್ ನಗರದ ಧ್ವನಿಮುದ್ರಣ ಸಂಸ್ಥೆಗಳ ಅಂಕೆಗೆ ಒಳಪಡಲೊಲ್ಲದ ವೇಲನ್ ಜೆನ್ನಿಂಗ್ಸ್, ವಿಲ್ಲಿ ನೆಲ್ಸನ್ ಮೊದಲಾದವರ ಹಾಡುಗಳನ್ನು ಆರ್‌ಸಿಎ ಸಂಸ್ಥೆಯು 1976ರಲ್ಲಿ 'ವಾಂಟೆಡ್! ದಿ ಔಟ್‌ಲಾಸ್' ಎಂಬ ಸಂಕಲನವಾಗಿ ಹೊರತಂದಿತು. ಹಾಡುಗಳು ಬಹುಪಾಲು ಹಳೆಯವೇ. ಹೊದಿಕೆಗೆ ಮಾತ್ರ ತಲೆಮರೆಸಿಕೊಂಡವರನ್ನು ಹಿಡಿದುಕೊಡಿರೆಂದು ಸಾರುವ ಭಿತ್ತಿಪತ್ರದ ವೇಷ. ಕಂಟ್ರಿ ಸಂಗೀತದಲ್ಲಿ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಧ್ವನಿಮುದ್ರಿಕೆ ಅದು. ಬಂಡಾಯವು ಅಲ್ಲಿ ಮಾರಾಟದ ಸರಕಾಯಿತು. ನಮ್ಮಲ್ಲಿ ಬಂಡಾಯಗಾರನಿಗೆ ಕಾವಿ ಹೊದಿಸಿ ಪೂಜೆಗಿಟ್ಟೆವು. ಎರಡು ಕಡೆಯೂ ಸಂಕಲನಕಾರನ ಕೈವಾಡ ಹಾಡಿಗಿಂತ ದೊಡ್ಡದಾಗಿದೆ.

ವಡಾಲದಲ್ಲಿ ಆಷಾಢ ಏಕಾದಶಿಗೆ ಜನ ಕಿಕ್ಕಿರಿಯುವ ವಿಠ್ಠಲ ಮಂದಿರವೂ, ಅನತಿದೂರದ ಅಂಟಾಪ್ ಹಿಲ್‌ನಲ್ಲಿ ಶೇಖ್ ಮಿಸ್ರಿಯವರ ದರ್ಗಾವೂ ಉಂಟು. 1992–93ರ ಗಲಭೆಗಳನ್ನು ಕಂಡ ಮುಂಬಯಿಯ ಕನ್ನಡಿಗನು, ಹಿಂದೂ ಮುಸಲ್ಮಾನರಿಬ್ಬರೂ ತಮ್ಮವನೆಂದು ಮಣ್ಣು ಮಾಡಿದ ಸಂತನನ್ನು ಬಿಗಿಯಾಗಿ ಹಿಡಿದುಕೊಂಡರೆ ಆಕ್ಷೇಪಿಸುವುದು ಹೇಗೆ? ಆದರೆ ಈ ಭಾವೈಕ್ಯದ ಸಂತನ ಚಿತ್ರದಲ್ಲಿ ಮುಸಲ್ಮಾನನಾದ ಶರೀಫನೇ ಮಸುಕಾಗಿದ್ದಾನೆಂಬುದು ವಿಚಾರಾರ್ಹ. ಕರ್ಬಲೆಯ ಕಥೆಯನ್ನು ಅಚ್ಚಕನ್ನಡದಲ್ಲಿ ಹಾಡಿದ ಅವರ ಮೊಹರಮ್ಮಿನ ಪದಗಳು ಧ್ವನಿಸುರುಳಿಗಳಲ್ಲಿ ಸಿಕ್ಕುವುದು ಅಪೂರ್ವ. ನಗರದ ಕೇಳುಗರಲ್ಲಿ ಬಲ್ಲವರು ವಿರಳ. ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವ ಆ ಪದಗಳಿಗೆ ವಾದ್ಯವೃಂದದ ಹಂಗಿಲ್ಲ.

ಇನ್ನು ಗಿರಣಿಯ ಪದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧಾರವಾಡದ ನಾಡಿಗೆ ಕಾಲಿಟ್ಟ ಯಂತ್ರದ ಬೆರಗು ಅದರಲ್ಲಿದೆ. ಗಿರಣಿಯೆಂದರೆ ದೇಹ ಎಂಬ ವ್ಯಾಖ್ಯಾನ ಪರಂಪರಾಗತವಾದುದು, ತಪ್ಪೂ ಅಲ್ಲ. ಆದರೆ ರೂಪಕವಾಗುವುದಕ್ಕೆ ಮೊದಲು ಗಿರಣಿ ಗಿರಣಿಯೇ ಆಗಿತ್ತು. ಕವಿಯ ಕಣ್ಣು ಮೊದಲು ನೆಟ್ಟುದು ಅದರ ಮೇಲೆಯೇ. ವಡಾಲದಿಂದ ಪರೇಲ್, ಲಾಲ್‌ಬಾಗ್ ದೂರವಲ್ಲ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ತರುವಾಯ ಅಲ್ಲಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಅವುಗಳ ಭೋಂಗಾ ಕೇಳಿ ಎಚ್ಚರವಾಗುತ್ತಿದ್ದ ಮನೆಯಲ್ಲಿ ಹುಟ್ಟಿದವನಿಗೆ ಈ ಪದದ ಕೆಳಗೆ ‘ಗಿರಣಿ ಎಂದರೆ ಶರೀರ’ ಎಂಬ ಒಂದು ಸಾಲಿನ ಟಿಪ್ಪಣಿಯಷ್ಟೇ ಸಾಲದು. ಯಾವ ಊರಿನ ಹಾಡುಗಾರರು ಇದನ್ನು ಉಳಿಸಿದರು, ಪಾಠಭೇದಗಳೇನು, ಯಾವ ಮಟ್ಟಿನಲ್ಲಿ ಹಾಡುತ್ತಾರೆ ಎಂಬುದನ್ನು ಅವನು ಸಂಪಾದಕರಿಂದ ಕೇಳುವ ಹಕ್ಕುಳ್ಳವನು.