ಮೂರು ಭಾಷೆ, ಒಂದೇ ಚೆಂಡು

ನಮ್ಮ ಆಡಕಿ ಕಡೆ ಅಂಗಳವೆಂದರೆ ಫರಸಿ. ಸೇಡಂ, ಶಹಾಬಾದ ಗಣಿಯ ಬೂದುಗಲ್ಲಿನ ಹಾಸು. ಹೂಗಿಡಕ್ಕೆ ಉಳಿಯುವುದು ಎರಡು ಕಲ್ಲಿನ ನಡುವಿನ ಸಂದಿ, ಇಲ್ಲವೇ ಬಾಯಿ ಕೊಯ್ದ ಎಣ್ಣೆ ಡಬ್ಬಿ. ಅಷ್ಟರಲ್ಲೇ ಬೆಳೆದವುಗಳ ಹೆಸರು ಕೇಳುತ್ತ ತಿರುಗುವುದು ನನ್ನ ಚಟ.

ಚೆಂಡುಹೂವನ್ನೇ ನೋಡಿ. ಗಡಿಯಾಚೆಯ ತಾಂಡೂರಿನ ತೆಲುಗರಿಗೆ ಅದು ಬಂತಿ, ಹಾಗೆಂದರೂ ಚೆಂಡೇ. ದಖ್ಖನಿ ಮಾತಾಡುವ ಮನೆಗಳಲ್ಲಿ ಗೇಂದಾ; ಅದೂ ಆಡುವ ಗೇಂದೇ. ಹೊಸ ಹೂವು ಬಂದಾಗ ಮೂವರಿಗೂ ಹೊಳೆದದ್ದು ಮಕ್ಕಳ ಆಟದ ಸಾಮಾನು! ಅದರ ತವರು ಮೆಕ್ಸಿಕೊ. ಇಂಗ್ಲಿಷರು ‘ಆಫ್ರಿಕನ್ ಮಾರಿಗೋಲ್ಡ್’ ಎಂದು ಕರೆದದ್ದು ಶುದ್ಧ ತಪ್ಪು.

ನಮ್ಮ ಸೇಡಂ ತಾಲೂಕಿನದೇ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. 10ನೇ ಶತಮಾನದಲ್ಲಿ ಅಲ್ಲಿ ಕೂತು ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಕವಿ ಪುಷ್ಪದಂತ, ಅಂದರೆ ಹೂವಿನಂಥ ಹಲ್ಲಿನವನು. ಚೆಂಡುಹೂ ಆಗಿನ್ನೂ ಈ ಕಡೆ ಬಂದಿರಲಿಲ್ಲ, ಪುಣ್ಯ. ಮಲ್ಲಿಗೆ ಮೊಗ್ಗಿನಂಥ ಹಲ್ಲೆಂದೇ ನಾವು ತಿಳಿಯಬಹುದು.

ನನ್ನ ಮೋಹ ಮಾತ್ರ ಸಂಜೆಮಲ್ಲಿಗೆ ಮೇಲೆ. ಹಾಗೆಂದು ಬಾಯಿಬಿಟ್ಟು ಹೇಳಿದ್ದಕ್ಕೆ ಪಕ್ಕದ ಮನೆ ಅವ್ವ ಬೈದಳು: “ಮಲ್ಲಿಗಿ ಎಲ್ಲಿದೋ ತಮ್ಮಾ, ಗುಲಬಕ್ಷಿ ಅದ ಇದು.” ಅವ್ವನ ಮಾತೇ ಸರಿ. ಮಲ್ಲಿಗೆ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕ ಖಂಡದಿಂದ ಬಂದ ಗಿಡ. ಬಣ್ಣದ ಎಸಳೆಂದು ನಾವು ಮೆಚ್ಚುವುದು ಕೂಡ ಎಸಳಲ್ಲ, ಪುಷ್ಪಪಾತ್ರೆ. ಗುಲ್ ಎಂದರೆ ಪಾರ್ಸಿಯಲ್ಲಿ ಹೂ. ಗುಲಾಬಿಯಲ್ಲಿರುವುದೂ ಅದೇ ಗುಲ್. ಅದಕ್ಕೆ ಆಬ್, ಅಂದರೆ ನೀರು, ಸೇರಿದೆ. ಗುಲ್ಬರ್ಗಾ ಎಂಬಲ್ಲಿ ಹೂವು ಎಲೆ ಎರಡನ್ನೂ ಕಂಡವರಿದ್ದಾರೆ. 2014ರಲ್ಲಿ ಕಲಬುರಗಿ ಎಂದಾದ ಮೇಲೆ ಕಲ್ಲಿನ ಅರ್ಥ ಹೇಳುವವರ ದನಿ ದೊಡ್ಡದಾಗಿದೆ. ಆ ಜಗಳ ನನಗೆ ಬೇಡ. ನಮ್ಮ ಫರಸಿ ಸಂದಿಯಲ್ಲಿ ಎರಡೂ ಇವೆ.

ಗುಲಬಕ್ಷಿ ಬೀಜ ಥೇಟು ಕರಿಮೆಣಸು. ಒಡೆದರೆ ಒಳಗೆ ಬಿಳಿ ಹಿಟ್ಟು. ನಮ್ಮ ಓಣಿಯ ಹುಡುಗಿಯರು ಅದನ್ನು ಕೆನ್ನೆಗೆ ಸವರಿಕೊಂಡು ‘ಪೌಡರ್’ ಎನ್ನುತ್ತಾರೆ. ಜಪಾನಿನವರು ಇದನ್ನು ಕರೆಯುವುದೇ ಮುಖದ ಪೌಡರ್ ಹೂವೆಂದು. ಅಲ್ಲಿಯ ಹುಡುಗಿಯರೂ ಇದೇ ಆಟ ಆಡಿರಬೇಕು.

ಹೋದ ಮಳೆಗಾಲದಲ್ಲಿ ಅವ್ವನ ರಾಣಿ ಬಣ್ಣದ ಗಿಡದಿಂದ ಬೀಜ ತಂದು ಹಾಕಿದೆ. ಮೊನ್ನೆ ಸಂಜೆ ಐದಕ್ಕೆ ಮೊದಲ ಹೂ ಬಿಚ್ಚಿತು: ಅರ್ಧ ಹಳದಿ, ಅರ್ಧ ರಾಣಿ. ಅದರ ಪಕ್ಕದ್ದು ಪೂರ್ತಿ ಹಳದಿ. ಅವ್ವನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದಳು, ಸೆರಗು ಸರಿಮಾಡಿಕೊಂಡಳು.

“ಹಳದೀದು ನಾಕ್ ಬೀಜ ನನಗೂ ಕೊಡೋ ತಮ್ಮಾ.”